ಲಿಂಬೆ ಗಿಡದ ಹಳದಿ ಎಲೆಯೂ ನಮ್ಮೂರ ಎರೆ ಮಣ್ಣೂ

ಧಾರವಾಡದಲ್ಲಿ ಮನೆ ಕಟ್ಟಿಸಿದ ವರ್ಷವೇ ಹಿತ್ತಿಲ ಕಂಪೌಂಡಿನ ಬದಿಗೆ ಒಂದು ಲಿಂಬೆ ಸಸಿ ನೆಟ್ಟಿದ್ದೆ. ಮೂರು ವರ್ಷದಲ್ಲಿ ಅದು ಎದೆಯೆತ್ತರಕ್ಕೆ ಬಂತು. ನಾಲ್ಕನೆಯ ಬೇಸಿಗೆಯಲ್ಲಿ ತುದಿಯ ಚಿಗುರೆಲ್ಲ ಹಳದಿಯಾಗತೊಡಗಿತು. ಅದು ಹಣ್ಣಾಗಿ ಉದುರುವ ಎಲೆಯ ಹಳದಿಯಲ್ಲ. ಎಲೆಯ ನರಗಳು ಹಸಿರಾಗಿಯೇ ಉಳಿದು, ನಡುವಿನ ಭಾಗವಷ್ಟೇ ಬಿಳಿಚಿಕೊಂಡು, ಬಿಸಿಲಿಗೆ ಹಿಡಿದು ನೋಡಿದರೆ ಹಸಿರು ದಾರದಲ್ಲಿ ಹೆಣೆದ ಬಲೆಯಂತೆ ಕಾಣುತ್ತಿತ್ತು. ಆಗ ನನಗೆ ತಿಳಿದಿದ್ದದ್ದು ಒಂದೇ ಸೂತ್ರ: ಎಲೆ ಹಳದಿಯಾದರೆ ಗಿಡಕ್ಕೆ ಹಸಿವು, ಹಸಿವಾದರೆ ಗೊಬ್ಬರ. ಗೊಬ್ಬರದ ಅಂಗಡಿಗೆ ಹೋಗಿ ಎರಡು ಕಿಲೋ ಯೂರಿಯಾ ತಂದು, ಬಡ್ಡಿಯ ಸುತ್ತ ಎರಡು ಮುಷ್ಟಿ ಸುರಿದು, ಒಂದು ಕೊಡ ನೀರು ಹಾಕಿ ಬಂದೆ. ವಾರ ತುಂಬುವುದರೊಳಗೆ ಎಲೆಯ ಅಂಚುಗಳು ಸುಟ್ಟ ಕಾಗದದಂತೆ ಕಂದಾಗಿ ಸುರುಳಿಗೊಂಡವು, ಹದಿನೈದನೆಯ ದಿನಕ್ಕೆ ಅರ್ಧ ಗಿಡ ಬೋಳಾಯಿತು. ಮತ್ತೆ ಅದೇ ಅಂಗಡಿಗೆ ಹೋದರೆ, ಅಲ್ಲಿಯವರು ಎಲೆಯನ್ನು ನೋಡದೆಯೇ ಹಸಿರು ಬಣ್ಣದ ಬಾಟಲಿಯೊಂದನ್ನು ಕೈಗಿತ್ತು ‘ಟಾನಿಕ್ ಹೊಡೀರಿ, ಎದ್ದು ನಿಲ್ತೈತಿ’ ಎಂದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಎನ್ನುತ್ತಾರಲ್ಲ, ನನ್ನ ಲಿಂಬೆಯ ಪಾಡು ಅದೇ ಆಗಿತ್ತು.

ನಮ್ಮ ಓಣಿಯ ಕೊನೆಯ ಮನೆಯಲ್ಲಿ ನವಲಗುಂದದ ಕಡೆ ಐವತ್ತು ವರ್ಷ ಒಕ್ಕಲುತನ ಮಾಡಿ, ಈಗ ಮಗನ ಮನೆಯಲ್ಲಿ ಉಳಿದಿರುವ ಹಿರಿಯರೊಬ್ಬರಿದ್ದಾರೆ. ಸಂಜೆ ಅಡ್ಡಾಡಲು ಹೊರಟವರು ಗೇಟಿನ ಬಳಿ ನಿಂತು, ಒಂದು ಚಿಗುರೆಲೆಯನ್ನು ಕಿತ್ತು, ಹೆಬ್ಬೆರಳಿನಿಂದ ಸವರಿ, ‘ಇದಕ್ಕ ಉಣ್ಣಾಕ ಇಲ್ಲಂತಲ್ಲವ್ವಾ. ತಾಟಿನ್ಯಾಗ ಊಟ ಐತಿ, ಕೈ ಕಟ್ಟಿ ಹಾಕ್ಯಾವು’ ಎಂದರು. ಗೊಬ್ಬರದ ಬಗ್ಗೆ ನಾನು ಆಮೇಲೆ ಓದಿ, ಕೇಳಿ, ಕೈಸುಟ್ಟುಕೊಂಡು ಕಲಿತದ್ದೆಲ್ಲ ಆ ಒಂದು ಮಾತಿನ ವಿವರಣೆಯೇ ಆಗಿದೆ. ಕೈತೋಟದ ಗಿಡಗಳಿಗೆ ಗೊಬ್ಬರ ಹಾಕುವ ಬಗ್ಗೆ ಬರೆಯಿರಿ ಎಂದು ಪರಿಚಿತರು ಕೆಲವರು ಕೇಳುತ್ತಲೇ ಇದ್ದುದರಿಂದ, ಎರೆ ಸೀಮೆಯಲ್ಲಿ ಹಿತ್ತಿಲು ಮಾಡುವವರಿಗೆ ಉಪಯೋಗವಾದೀತೆಂದು ಇದನ್ನು ಬರೆಯುತ್ತಿದ್ದೇನೆ.

ಮೊದಲು ಮಣ್ಣಿನ ಮಾತು. ಧಾರವಾಡವು ಮಲೆನಾಡಿನ ಸೆರಗೂ ಬಯಲುಸೀಮೆಯ ಅಂಚೂ ಕೂಡುವ ಊರು. ಕೆಲಗೇರಿಯಿಂದ ಕಲಘಟಗಿಯ ಕಡೆಗೆ ಹೊರಟರೆ ಕೆಂಪು ಮಸಾರಿ ಮಣ್ಣು, ಅಲ್ಲಿ ಆಪೂಸ ಮಾವಿನ ತೋಟಗಳು. ಪೂರ್ವಕ್ಕೆ ಹೆಬ್ಬಳ್ಳಿ, ಅಮ್ಮಿನಬಾವಿ ದಾಟಿ ನವಲಗುಂದ, ಅಣ್ಣಿಗೇರಿ, ಗದಗಿನ ಕಡೆಗೆ ಹೊರಟರೆ ಕಡಲೆ, ಹತ್ತಿ, ಬಿಳಿಜೋಳ ಬೆಳೆಯುವ ಕಪ್ಪು ಎರೆ. ಒಂದೇ ಊರಿನ ಎರಡು ಬಡಾವಣೆಗಳಲ್ಲಿ ಎರಡು ಬಗೆಯ ಮಣ್ಣು ಸಿಗುವುದರಿಂದ, ಸಪ್ತಾಪುರದ ಗೆಳತಿಯ ಮನೆಯಲ್ಲಿ ಸೊಂಪಾಗಿ ಬೆಳೆದ ಗಿಡ ನಮ್ಮ ಮನೆಯಲ್ಲಿ ಮುದುಡಿ ಕೂರುವುದರಲ್ಲಿ ಆಶ್ಚರ್ಯವಿಲ್ಲ. ನಮ್ಮದು ಊರಿನ ಪೂರ್ವ ಅಂಚಿನ ಬಡಾವಣೆ. ಮೇಲೆ ಒಂದು ಅಡಿ ಗರಸು ಹಾಕಿ ಸಮ ಮಾಡಿದ್ದಾರೆ, ಅದರ ಕೆಳಗೆ ಎರೆ, ಇವೆರಡರ ನಡುವೆ ಮನೆ ಕಟ್ಟಿದವರು ಬಿಟ್ಟುಹೋದ ಸಿಮೆಂಟಿನ ಹೆಂಟೆಗಳೂ ಗಿಲಾವಿನ ಚೂರುಗಳೂ ಇವೆ. ಲಿಂಬೆ ನೆಟ್ಟ ಜಾಗದಲ್ಲಿ ಇವು ಎಲ್ಲಕ್ಕಿಂತ ಹೆಚ್ಚಾಗಿದ್ದವು ಎಂಬುದು ಆಮೇಲೆ ಅಗೆದಾಗ ತಿಳಿಯಿತು.

ಎರೆ ಮಣ್ಣನ್ನು ಬಡ ಮಣ್ಣೆಂದು ಯಾರೂ ಹೇಳಲಾರರು. ಅದು ನೀರನ್ನು ಹಿಡಿದಿಡುತ್ತದೆ, ಅದರಲ್ಲಿ ಪೊಟ್ಯಾಶ್ ಸಾಮಾನ್ಯವಾಗಿ ಧಾರಾಳವಾಗಿರುತ್ತದೆ, ಕ್ಯಾಲ್ಸಿಯಂ ಅಂತೂ ಹೇಳುವುದೇ ಬೇಡ. ತೊಂದರೆ ಇರುವುದು ಅದರ ಕ್ಷಾರಗುಣದಲ್ಲಿ. ಮಣ್ಣಿನ ರಸಸಾರ (ಪಿಎಚ್) 7 ಎಂದರೆ ತಟಸ್ಥ. ಅದು 8 ದಾಟಿ, ಜೊತೆಗೆ ಸುಣ್ಣದ ಅಂಶವೂ ಸೇರಿದರೆ, ಮಣ್ಣಿನಲ್ಲಿರುವ ಕಬ್ಬಿಣ, ಸತು, ಮ್ಯಾಂಗನೀಸ್ ಇವೆಲ್ಲ ನೀರಿನಲ್ಲಿ ಕರಗದ ರೂಪಕ್ಕೆ ತಿರುಗಿ ಬೇರಿಗೆ ಸಿಗದೆ ಹೋಗುತ್ತವೆ. ರಂಜಕವೂ ಕ್ಯಾಲ್ಸಿಯಂ ಜೊತೆ ಸೇರಿ ಗಟ್ಟಿಯಾಗಿ ಕೂರುತ್ತದೆ. ಬೇರು ಹೀರುವುದು ನೀರಿನಲ್ಲಿ ಕರಗಿದ್ದನ್ನೇ ಹೊರತು ಮಣ್ಣಿನಲ್ಲಿ ಇದ್ದದ್ದನ್ನೆಲ್ಲ ಅಲ್ಲ. ತಾಟಿನಲ್ಲಿ ಊಟ ಇದೆ, ಕೈ ಕಟ್ಟಿ ಹಾಕಿದೆ ಎಂದು ಹಿರಿಯರು ಹೇಳಿದ್ದು ಇದನ್ನೇ.

ಇದನ್ನು ಮನೆಯಲ್ಲೇ ನೋಡಬಹುದು. ಲಿಂಬೆ ಗಿಡದ ಬುಡದಿಂದ ಗೇಣುದ್ದ ಕೆಳಗಿನ ಮಣ್ಣನ್ನು ಒಂದು ಚಮಚ ತೆಗೆದು, ನೆರಳಲ್ಲಿ ಒಣಗಿಸಿ, ಹುಡಿ ಮಾಡಿ, ಪಿಂಗಾಣಿ ಬಟ್ಟಲಿನಲ್ಲಿ ಹಾಕಿ ಅದರ ಮೇಲೆ ಅಡುಗೆಮನೆಯ ವಿನೆಗರ್ ಬಿಟ್ಟೆ. ಎರಡು ಕ್ಷಣ ಏನೂ ಆಗಲಿಲ್ಲ. ಆಮೇಲೆ ಕಿವಿಯನ್ನು ಹತ್ತಿರ ಒಯ್ದರೆ ಮಾತ್ರ ಕೇಳುವಂಥ ಸಣ್ಣ ‘ಸುರ್’ ಸದ್ದು ಎದ್ದು, ಕಪ್ಪು ಮಣ್ಣಿನ ನಡುವಿನಿಂದ ಸಾಸಿವೆಗಿಂತ ಸಣ್ಣ ಗುಳ್ಳೆಗಳು ಸಾಲುಸಾಲಾಗಿ ಮೇಲೆದ್ದು ಒಡೆಯತೊಡಗಿದವು. ಒಂದು ಬಿಳಿ ಹರಳಿನ ಸುತ್ತಲಂತೂ ದೋಸೆ ಹಿಟ್ಟಿನಂತೆ ನೊರೆ ಬಂತು. ಮಣ್ಣಿನಲ್ಲಿ ಸುಣ್ಣ ಇದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಅದೇ ದಿನ ಗೆಳತಿಯ ಮನೆಯ ಕೆಂಪು ಮಣ್ಣನ್ನೂ ತರಿಸಿ ಹಾಗೆಯೇ ಮಾಡಿದರೆ ಅದು ವಿನೆಗರನ್ನು ಸುಮ್ಮನೆ ಕುಡಿದು ಕುಳಿತಿತು.

ಇಷ್ಟಾದ ಮೇಲೆ ಮಣ್ಣಿನ ಪರೀಕ್ಷೆ ಮಾಡಿಸಿದೆ. ಹುಬ್ಬಳ್ಳಿ-ಧಾರವಾಡದವರಿಗೆ ಎತ್ತಿನಗುಡ್ಡದ ಕೃಷಿ ವಿಶ್ವವಿದ್ಯಾಲಯವೂ ಗದಗಿನವರಿಗೆ ಹುಲಕೋಟಿಯ ಕೃಷಿ ವಿಜ್ಞಾನ ಕೇಂದ್ರವೂ ಹಾವೇರಿಯವರಿಗೆ ಹನುಮನಮಟ್ಟಿಯ ಕೇಂದ್ರವೂ ಹತ್ತಿರದಲ್ಲೇ ಇರುವಾಗ, ಅಂಗಡಿಯ ಕಟ್ಟೆಯ ಮೇಲೆ ಕುಳಿತು ಗಿಡದ ರೋಗ ಕೇಳುವ ಅಗತ್ಯ ನಮಗಿಲ್ಲ. ಮಣ್ಣು ತೆಗೆಯುವ ಕ್ರಮ ಮಾತ್ರ ಸರಿಯಾಗಿರಬೇಕು. ಮೇಲಿನ ಕಸಕಡ್ಡಿ ಸರಿಸಿ, ಹಿತ್ತಿಲಿನ ಐದಾರು ಕಡೆ ಇಂಗ್ಲಿಷಿನ ವಿ ಅಕ್ಷರದ ಆಕಾರದಲ್ಲಿ 15 ಸೆಂಟಿಮೀಟರ್ ಆಳದ ಕುಳಿ ತೋಡಿ, ಅದರ ಬದಿಯಿಂದ ಮೇಲಿನಿಂದ ಕೆಳಗಿನವರೆಗೆ ಒಂದು ಸಮ ಪದರವನ್ನು ಕೆರೆದು, ಎಲ್ಲವನ್ನೂ ಕಲಸಿ, ನಾಲ್ಕು ಪಾಲು ಮಾಡಿ, ಎದುರುಬದಿರಿನ ಎರಡು ಪಾಲು ಬಿಟ್ಟು, ಉಳಿದದ್ದನ್ನು ಮತ್ತೆ ಹಾಗೆಯೇ ಪಾಲು ಮಾಡುತ್ತ ಅರ್ಧ ಕಿಲೋಗೆ ಇಳಿಸಿ ನೆರಳಲ್ಲಿ ಒಣಗಿಸಬೇಕು. ಗೊಬ್ಬರ ಹಾಕಿದ ಹೊಸದರಲ್ಲಿ ತೆಗೆದ ಮಣ್ಣು ಸುಳ್ಳು ಹೇಳುತ್ತದೆ. ನಮ್ಮ ಮಣ್ಣಿನ ಫಲಿತಾಂಶ ಹೀಗಿತ್ತು: ರಸಸಾರ 8.3, ಸಾವಯವ ಇಂಗಾಲ ನೂರಕ್ಕೆ 0.42, ಪೊಟ್ಯಾಶ್ ಹೆಚ್ಚು, ಕಬ್ಬಿಣ ಮತ್ತು ಸತು ಕೊರತೆ. ಸಾವಯವ ಇಂಗಾಲ 0.5ಕ್ಕಿಂತ ಕಡಿಮೆಯಿದ್ದರೆ ಅದನ್ನು ಕಡಿಮೆ ಎಂದೇ ಲೆಕ್ಕಿಸುತ್ತಾರೆ. ಅಂದರೆ ಅಷ್ಟು ವರ್ಷ ನಾನು ಪೊಟ್ಯಾಶ್ ಇರುವ ಮಿಶ್ರ ಗೊಬ್ಬರಕ್ಕೆ ಸುರಿದ ಹಣದ ಒಂದು ಭಾಗ ಇದ್ದವರಿಗೇ ದಾನ ಮಾಡಿದಂತಾಗಿತ್ತು.

ಎಲ್ಲರೂ ಪರೀಕ್ಷೆ ಮಾಡಿಸಲಾರರು. ಆಗ ಎಲೆಯನ್ನೇ ಓದಬೇಕು. ಅದಕ್ಕೆ ಒಂದು ಕೀಲಿಕೈ ಇದೆ. ಸಾರಜನಕ, ಪೊಟ್ಯಾಶ್, ಮೆಗ್ನೀಶಿಯಂ ಇವು ಗಿಡದೊಳಗೆ ಓಡಾಡಬಲ್ಲವು. ಕೊರತೆ ಬಿದ್ದಾಗ ಗಿಡ ಹಳೆಯ ಎಲೆಗಳಿಂದ ಇವನ್ನು ಕಿತ್ತು ಚಿಗುರಿಗೆ ಕಳಿಸುತ್ತದೆ, ಮನೆಯಲ್ಲಿ ಹಿಟ್ಟು ಕಡಿಮೆಯಾದಾಗ ದೊಡ್ಡವರು ತಾವು ಉಪವಾಸವಿದ್ದು ಮಕ್ಕಳಿಗೆ ಉಣಿಸುವ ಹಾಗೆ. ಆದ್ದರಿಂದ ಕೆಳಗಿನ ಹಳೆಯ ಎಲೆ ನರವೂ ಸೇರಿ ಇಡಿಯಾಗಿ ಹಳದಿಯಾದರೆ ಸಾರಜನಕದ ಕೊರತೆ. ಹಳೆಯ ಎಲೆಯ ಅಂಚು ಸುಟ್ಟಂತಾದರೆ ಪೊಟ್ಯಾಶಿನ ಕೊರತೆ ಅಥವಾ ಉಪ್ಪಿನ ಬಾಧೆ. ಹಳೆಯ ಎಲೆಯ ತೊಟ್ಟಿನ ಬಳಿ ಹಸಿರು ಉಳಿದು ಅಂಚಿನ ಕಡೆ ಹಳದಿಯಾದರೆ ಮೆಗ್ನೀಶಿಯಂ. ಕಬ್ಬಿಣ, ಕ್ಯಾಲ್ಸಿಯಂ ಇವು ಒಮ್ಮೆ ಎಲೆಗೆ ಸೇರಿದರೆ ಅಲ್ಲಿಂದ ಕದಲುವುದಿಲ್ಲ, ಹೀಗಾಗಿ ಕೊರತೆ ಹೊಸ ಚಿಗುರಿನಲ್ಲೇ ಕಾಣುತ್ತದೆ. ಸತುವಿನ ಕೊರತೆಯಲ್ಲಿ ಚಿಗುರೆಲೆ ಸಣ್ಣದಾಗಿ, ಕಿರಿದಾಗಿ, ಗೊಂಚಲುಗಟ್ಟಿದಂತೆ ಹೊರಡುತ್ತದೆ. ಲಿಂಬೆಯ ಜಾತಿಯಲ್ಲಿ ಇದು ಬಹಳ. ನನ್ನ ಗಿಡದಲ್ಲಿ ಹಳೆಯ ಎಲೆಗಳು ಹಸಿರಾಗಿದ್ದವು, ಹಳದಿಯಾದದ್ದು ಚಿಗುರು. ಅದೊಂದನ್ನೇ ಸರಿಯಾಗಿ ನೋಡಿದ್ದರೆ ಯೂರಿಯಾ ಮುಷ್ಟಿಯಿಂದ ಕೆಳಗೆ ಬೀಳುತ್ತಿರಲಿಲ್ಲ.

ಟೊಮೆಟೊ ಕಾಯಿಯ ತಳ ಕಪ್ಪಾಗಿ ಕುಳಿಬೀಳುವುದನ್ನು ನಮ್ಮ ಓಣಿಯಲ್ಲಿ ಎಲ್ಲರೂ ರೋಗವೆಂದು ತಿಳಿದು ಔಷಧಿ ಹೊಡೆಯುತ್ತಾರೆ. ಅದು ಕ್ಯಾಲ್ಸಿಯಂ ಕಾಯಿಯ ತುದಿಯನ್ನು ತಲುಪದ್ದರಿಂದ ಆಗುವಂಥದ್ದು, ಮತ್ತು ನಮ್ಮ ಸುಣ್ಣದ ಮಣ್ಣಿನಲ್ಲಿ ಕ್ಯಾಲ್ಸಿಯಂ ಇಲ್ಲದೆ ಹೀಗಾಗುವುದು ಅಪರೂಪ. ಕ್ಯಾಲ್ಸಿಯಂ ನೀರಿನ ಜೊತೆಗೇ ಪ್ರಯಾಣ ಮಾಡುತ್ತದೆ. ನಲ್ಲಿ ಬಂದ ದಿನ ಮಡಿ ತುಂಬ ನೀರು ಬಿಟ್ಟು, ಮುಂದಿನ ನಲ್ಲಿ ಬರುವ ತನಕ ಗಿಡವನ್ನು ಬಾಯಾರಿಸುವ ಪದ್ಧತಿ ಇರುವ ಊರಿನಲ್ಲಿ ಟೊಮೆಟೊದ ತಳ ಕಪ್ಪಾಗದೆ ಇನ್ನೇನಾದೀತು? ಅದಕ್ಕೆ ಔಷಧಿ ದಿನಕ್ಕೆ ಎರಡು ತಂಬಿಗೆ ನೀರು, ಬುಡಕ್ಕೆ ಒಣ ಎಲೆಯ ಹೊದಿಕೆ.

ಲಿಂಬೆಗೆ ಮರಳಿ ಬರುತ್ತೇನೆ. ಕಬ್ಬಿಣದ ಕೊರತೆಗೆ ಹಳೆಯ ಮದ್ದು ಅನ್ನಭೇದಿ, ಅಂದರೆ ಫೆರಸ್ ಸಲ್ಫೇಟ್. ಹಿಂದೆ ಶಾಯಿ ಮಾಡಲು ಅಳಲೆಕಾಯಿಯ ಜೊತೆ ಹಾಕುತ್ತಿದ್ದ ಅದೇ ಹಸಿರು ಹರಳು. ಇದನ್ನು ನಮ್ಮ ಮಣ್ಣಿಗೆ ಬರಿದೇ ಸುರಿದರೆ ಕೆಲವೇ ದಿನದಲ್ಲಿ ತುಕ್ಕಾಗಿ, ಅದೂ ಕಟ್ಟಿಹಾಕಿದ ಊಟದ ಸಾಲಿಗೆ ಸೇರುತ್ತದೆ. ಹಾಗಾಗಿ ಎಲೆಗೆ ಸಿಂಪಡಿಸುವುದೇ ಮೇಲು. ಒಂದು ಲೀಟರ್ ನೀರಿಗೆ 5 ಗ್ರಾಂ ಅನ್ನಭೇದಿ, ಅದು ತುಕ್ಕಾಗದಂತೆ ತಡೆಯಲು 1 ಗ್ರಾಂ ಲಿಂಬೆಹುಳಿ (ಸಿಟ್ರಿಕ್ ಆಮ್ಲ) ಪುಡಿ. ನೀರಿಗೆ ಮೊದಲು ಹುಳಿ, ಆಮೇಲೆ ಅನ್ನಭೇದಿ. ಬಿಸಿಲು ಇಳಿದ ಮೇಲೆ, ಎಲೆಯ ಕೆಳಬದಿಯೂ ತೊಯ್ಯುವಂತೆ, ಹದಿನೈದು ದಿನಕ್ಕೊಮ್ಮೆ ಎರಡು ಮೂರು ಸಲ ಹೊಡೆಯಬೇಕು. ಹೊಸದಾಗಿ ಮಾಡಿದ ನೀರನ್ನು ಅಂದೇ ಖಾಲಿ ಮಾಡಬೇಕು, ಕಂದು ಬಣ್ಣಕ್ಕೆ ತಿರುಗಿದ್ದು ಚೆಲ್ಲುವುದಕ್ಕೇ ಸರಿ. ಮೊದಲ ಸಲ ಸಿಂಪಡಿಸಿದಾಗ ಹಿತ್ತಿಲಿನ ಶಹಾಬಾದ ಕಲ್ಲಿನ ಮೇಲೆ ಬಿದ್ದ ಹನಿಗಳನ್ನು ನಾನು ಲಕ್ಷಿಸಲಿಲ್ಲ. ಮರುದಿನ ಬೆಳಿಗ್ಗೆ ಎಲೆ ಹೇಗಿದೆಯೆಂದು ನೋಡಲು ಹೋದರೆ ಎಲೆಯಲ್ಲಿ ಏನೂ ಬದಲಾವಣೆ ಇರಲಿಲ್ಲ, ಕಲ್ಲಿನ ಮೇಲೆ ಮಾತ್ರ ಎಲೆಯಡಿಕೆ ಉಗುಳಿದಂತೆ ಕೆಂಪು ಕಲೆಗಳಾಗಿದ್ದವು. ಆ ಕಲೆಗಳು ಇಂದಿಗೂ ಇವೆ. ಎಲೆಯಲ್ಲಿ ಹಸಿರು ಮರಳಲು ಹತ್ತು ಹನ್ನೆರಡು ದಿನ ಬೇಕಾಯಿತು. ಮೊದಲು ನರದ ಅಂಚಿನಿಂದ, ಆಮೇಲೆ ಮೆಲ್ಲಗೆ ಒಳಗೆ, ಒದ್ದೆ ಬಟ್ಟೆಯಲ್ಲಿ ಬಣ್ಣ ಹರಡುವಂತೆ ಹರಡಿತು.

ಅಂಗಡಿಗಳಲ್ಲಿ ಕೀಲೇಟ್ ರೂಪದ, ಅಂದರೆ ಬೇರೊಂದು ವಸ್ತು ತನ್ನ ಹಿಡಿತದಲ್ಲಿ ಇಟ್ಟುಕೊಂಡ, ಕಬ್ಬಿಣವೂ ಸಿಗುತ್ತದೆ. ಕೊಳ್ಳುವಾಗ ಪೊಟ್ಟಣದ ಮೇಲಿನ ಅಕ್ಷರಗಳನ್ನು ಓದಿರಿ. ಇಡಿಟಿಎ ಎಂದಿದ್ದರೆ ಅದು ಎಲೆಗೆ ಸಿಂಪಡಿಸಲು ಸರಿ, ನಮ್ಮಂಥ ಕ್ಷಾರ ಮಣ್ಣಿಗೆ ಹಾಕಿದರೆ ತನ್ನ ಹಿಡಿತವನ್ನು ಬೇಗ ಬಿಟ್ಟುಕೊಡುತ್ತದೆ. ಇಡಿಡಿಎಚ್‌ಎ ಎಂದಿದ್ದರೆ ಸುಣ್ಣದ ಮಣ್ಣಿನಲ್ಲೂ ಕಬ್ಬಿಣವನ್ನು ಹಿಡಿದಿಟ್ಟುಕೊಳ್ಳುತ್ತದೆ. ಎರಡನೆಯದಕ್ಕೆ ಬೆಲೆ ಹೆಚ್ಚು, ಆದರೆ ಮನೆಯ ಎರಡು ಮೂರು ಗಿಡಕ್ಕೆ ಬೇಕಾಗುವುದು ಕೆಲವು ಗ್ರಾಂ ಮಾತ್ರ.

ಸಿಂಪರಣೆ ಏನಿದ್ದರೂ ತಾತ್ಕಾಲಿಕ. ಕಟ್ಟಿದ ಕೈ ಬಿಚ್ಚುವ ಕೆಲಸ ಮಾಡುವುದು ಕೊಟ್ಟಿಗೆ ಗೊಬ್ಬರ. ನೂರು ಕಿಲೋ ತಿಪ್ಪೆ ಗೊಬ್ಬರದಲ್ಲಿ ಸಾರಜನಕ ಇರುವುದು ಸುಮಾರು ಅರ್ಧ ಕಿಲೋ ಮಾತ್ರ. ಒಂದು ಕಿಲೋಗಿಂತ ಸ್ವಲ್ಪ ಹೆಚ್ಚು ಯೂರಿಯಾದಲ್ಲಿ ಅಷ್ಟೇ ಸಿಗುತ್ತದೆ. ಲೆಕ್ಕ ಇಷ್ಟೇ ಆಗಿದ್ದರೆ ಯಾರೂ ಗೊಬ್ಬರ ಹೊರುತ್ತಿರಲಿಲ್ಲ. ತಿಪ್ಪೆ ಗೊಬ್ಬರ ಕೊಳೆಯುತ್ತ ಹೋದಂತೆ ಹುಟ್ಟುವ ಹುಳಿಯ ಅಂಶಗಳು ಬೇರಿನ ಸುತ್ತಲಿನ ಕಬ್ಬಿಣ, ಸತುಗಳನ್ನು ಬಿಡಿಸಿ ಹಿಡಿದುಕೊಳ್ಳುತ್ತವೆ. ಎರೆಯ ಅಂಟುಗುಣ ಕಡಿಮೆಯಾಗಿ ಮಣ್ಣು ಹರಳುಹರಳಾಗುತ್ತದೆ. ಬೇಸಿಗೆಯಲ್ಲಿ ಬಿಡುವ ಬಿರುಕು ಕಿರಿದಾಗುತ್ತದೆ, ಬೇರು ಹರಿದು ತುಂಡಾಗುವುದು ಕಡಿಮೆಯಾಗುತ್ತದೆ. ನಮ್ಮ ಹಿತ್ತಿಲಿನಲ್ಲಿ ನಾಲ್ಕು ವರ್ಷ ಸತತವಾಗಿ ಗೊಬ್ಬರ ಬಿದ್ದ ಮಡಿಯಲ್ಲಿ ಈಗ ಸಲಿಕೆ ಸಲೀಸಾಗಿ ಇಳಿಯುತ್ತದೆ, ಬೀಳದ ಮಡಿಯಲ್ಲಿ ಹಾರೆಯೇ ಬೇಕು.

ಆದರೆ ಗೊಬ್ಬರ ಮಾಗಿರಬೇಕು. ಇದನ್ನು ಒತ್ತಿ ಹೇಳಲು ನನಗೆ ಕಾರಣವಿದೆ. ಒಂದು ವರ್ಷ ಮೇ ತಿಂಗಳಲ್ಲಿ ಅಗ್ಗಕ್ಕೆ ಸಿಕ್ಕಿತೆಂದು ಅರ್ಧ ಟ್ರ್ಯಾಕ್ಟರ್ ಹಸಿಬಿಸಿ ಹೆಂಡಿ ತರಿಸಿ ಎಲ್ಲ ಪಾತಿಗೂ ಹರಡಿದೆ. ಮೊದಲ ಮಳೆಗೆ ಹಾರಿಬರುವ ಕಂದು ದುಂಬಿಗಳಿಗೆ ಮೊಟ್ಟೆಯಿಡಲು ಅದಕ್ಕಿಂತ ಒಳ್ಳೆಯ ಹಾಸಿಗೆ ಬೇಕಿರಲಿಲ್ಲ. ಆಗಸ್ಟಿನಲ್ಲಿ ಏಳು ಗುಲಾಬಿ ಗಿಡಗಳು ನೀರಿದ್ದೂ ಬಾಡಿದವು. ಒಂದನ್ನು ಹಿಡಿದೆತ್ತಿದರೆ ಬೇರಿಲ್ಲದೆ ಕೈಗೆ ಬಂತು, ಕೆಳಗೆ ಇಂಗ್ಲಿಷಿನ ಸಿ ಅಕ್ಷರದಂತೆ ಮಡಚಿಕೊಂಡ, ತಲೆ ಮಾತ್ರ ಕೆಂಚಗಿರುವ ಬಿಳಿಯ ಗೊಣ್ಣೆ ಹುಳುಗಳು ಹನ್ನೊಂದು ಇದ್ದವು. ಮಾಗಿದ ಗೊಬ್ಬರವನ್ನು ಗುರುತಿಸುವುದು ಕಷ್ಟವಲ್ಲ. ರಾಶಿಯೊಳಗೆ ಮೊಳಕೈವರೆಗೆ ಕೈ ಹಾಕಿದರೆ ಬಿಸಿ ಹತ್ತಬಾರದು, ಹೆಂಡಿಯ ವಾಸನೆ ಹೋಗಿ ಮೊದಲ ಮಳೆಯ ನೆಲದ ವಾಸನೆ ಬರಬೇಕು, ಕಣಕಿಯ ಎಳೆ ಯಾವುದು ಹೆಂಡಿ ಯಾವುದು ಎಂದು ಬೇರೆ ತಿಳಿಯಬಾರದು, ಮುಷ್ಟಿಯಲ್ಲಿ ಹಿಡಿದು ಬಿಟ್ಟರೆ ಉಂಡೆ ತಾನಾಗಿ ಉದುರಬೇಕು. ಹಸಿ ಹುಲ್ಲು, ಕಟ್ಟಿಗೆ ಹೊಟ್ಟು ಇವನ್ನು ಮಣ್ಣಿನೊಳಗೆ ಕಲಸಿದರೆ, ಅವನ್ನು ಕೊಳೆಸುವ ಸೂಕ್ಷ್ಮಜೀವಿಗಳು ತಮ್ಮ ಊಟಕ್ಕೆ ಮಣ್ಣಿನಲ್ಲಿರುವ ಸಾರಜನಕವನ್ನೇ ಕಸಿದುಕೊಳ್ಳುವುದರಿಂದ ಗಿಡ ಹಸಿದು ಹಳದಿಯಾಗುತ್ತದೆ. ಅವನ್ನು ಮೇಲೆ ಹೊದಿಸಿದರೆ ಆ ತೊಂದರೆ ಇಲ್ಲ. ಬೇಸಿಗೆಯ ಬೆಳಗಿನಲ್ಲಿ ನಮ್ಮ ರಸ್ತೆಗಳ ಪಕ್ಕ ಗುಡ್ಡೆ ಮಾಡಿ ಸುಡುವ ಬೇವಿನ ಎಲೆ, ಮಳೆಮರದ ಎಲೆಗಳನ್ನು ನಾನು ಚೀಲದಲ್ಲಿ ತುಂಬಿ ತರುತ್ತೇನೆ. ನೋಡಿದವರು ಏನೆಂದುಕೊಂಡರೂ ಸರಿ, ಅದರಷ್ಟು ಒಳ್ಳೆಯ ಹೊದಿಕೆ ದುಡ್ಡು ಕೊಟ್ಟರೂ ಸಿಗುವುದಿಲ್ಲ.

ಹಿಂಡಿಯ ವಿಷಯದಲ್ಲಿ ನಮ್ಮ ಸೀಮೆ ಪುಣ್ಯ ಮಾಡಿದೆ. ಶೇಂಗಾ, ಕುಸುಬಿ ಗಾಣಗಳು ಇನ್ನೂ ಅಲ್ಲಲ್ಲಿ ಉಳಿದಿರುವುದರಿಂದ ಹಿಂಡಿಗೆ ಬರವಿಲ್ಲ. ಶೇಂಗಾ ಹಿಂಡಿಯಲ್ಲಿ ಸಾರಜನಕ ನೂರಕ್ಕೆ ಸುಮಾರು 7, ಬೇವಿನ ಹಿಂಡಿಯಲ್ಲಿ 4ರಿಂದ 5. ಬೇವಿನ ಹಿಂಡಿ ನಿಧಾನವಾಗಿ ಕರಗುತ್ತದೆ, ಮಣ್ಣಿನೊಳಗಿನ ಹುಳುಗಳನ್ನೂ ಜಂತುಗಳನ್ನೂ ಅಂಕೆಯಲ್ಲಿಡುತ್ತದೆ. ಗುಲಾಬಿಯ ಅನಾಹುತದ ನಂತರ ನಮ್ಮಲ್ಲಿ ಅದಿಲ್ಲದೆ ಪಾತಿಯೇ ಇಲ್ಲ. ಶೇಂಗಾ ಹಿಂಡಿಯನ್ನು ಒಣಗಿದ್ದಾಗಲೇ ಹಾಕಿದರೆ ಇರುವೆ, ಇಲಿ, ಹೆಗ್ಗಣ, ಬೀದಿ ನಾಯಿ ಎಲ್ಲಕ್ಕೂ ಆಮಂತ್ರಣ. ಒಂದು ಮುಷ್ಟಿ ಹಿಂಡಿಯನ್ನು ಐದು ಲೀಟರ್ ನೀರಿನಲ್ಲಿ ಮೂರು ನಾಲ್ಕು ದಿನ ನೆನೆಸಿ, ಅದಕ್ಕೆ ಹತ್ತರಷ್ಟು ನೀರು ಬೆರೆಸಿ ಬುಡಕ್ಕೆ ಹಾಕುವುದು ಸರಿಯಾದ ಕ್ರಮ. ಅದರ ವಾಸನೆಯ ಬಗ್ಗೆ ಮಾತ್ರ ಮುನ್ನೆಚ್ಚರಿಕೆ ಕೊಡುತ್ತೇನೆ. ಪಕ್ಕದ ಮನೆಯಲ್ಲಿ ಹೆಣ್ಣು ನೋಡಲು ಬೀಗರು ಬರುವ ದಿನ ನಾನು ಆ ಬಕೆಟ್ಟಿನ ಮುಚ್ಚಳ ತೆಗೆದಿದ್ದೆ. ಸಂಬಂಧ ಕೂಡಿತು, ನಮ್ಮ ಮಾತುಕತೆ ಮಾತ್ರ ಎರಡು ತಿಂಗಳು ನಿಂತಿತ್ತು.

ರಾಸಾಯನಿಕ ಗೊಬ್ಬರವನ್ನು ನಾನು ಬೈಯುವವಳಲ್ಲ. ಸಾರಜನಕ ಹೀರುವ ಬೇರಿಗೆ ಅದು ಹೆಂಡಿಯಿಂದ ಬಂತೋ ಕಾರ್ಖಾನೆಯಿಂದ ಬಂತೋ ಎಂಬುದು ಗೊತ್ತಾಗುವುದಿಲ್ಲ. ಅಪಾಯವಿರುವುದು ಪ್ರಮಾಣದಲ್ಲಿ. ಯೂರಿಯಾದಲ್ಲಿ ನೂರಕ್ಕೆ 46 ಭಾಗ ಸಾರಜನಕ. ಚೀಲದ ಮೇಲಿನ ಅಂಕಿಗಳು ಹೇಳುವುದೂ ಇದನ್ನೇ, ಡಿಎಪಿ ಎಂಬ ಗೊಬ್ಬರದ 18:46 ಎಂದರೆ ಸಾರಜನಕ 18, ರಂಜಕ (ಆಕ್ಸೈಡ್ ಲೆಕ್ಕದಲ್ಲಿ) 46. ಹೊಲಕ್ಕೆ ಚೀಲದ ಲೆಕ್ಕದಲ್ಲಿ ಹಾಕುವುದನ್ನು ಹಿತ್ತಿಲಿಗೆ ಮುಷ್ಟಿಯ ಲೆಕ್ಕದಲ್ಲಿ ಹಾಕುವುದೇ ನಮ್ಮೆಲ್ಲರ ತಪ್ಪು. ಒಂದು ಚದರ ಮೀಟರ್ ಸೊಪ್ಪಿನ ಮಡಿಗೆ ಒಂದು ಸಲಕ್ಕೆ 10 ಗ್ರಾಂ ಯೂರಿಯಾ, ಅಂದರೆ ಸಣ್ಣ ಚಮಚದಲ್ಲಿ ಎರಡು, ಅಷ್ಟು ಸಾಕು. ನಾನು ಲಿಂಬೆಯ ಬಡ್ಡಿಗೆ ಸುರಿದದ್ದು ಅದರ ಎಷ್ಟೋ ಪಟ್ಟು, ಅದೂ ಏಪ್ರಿಲ್ ತಿಂಗಳ ಒಣ ನೆಲಕ್ಕೆ. ಬೇರಿನ ಸುತ್ತ ಉಪ್ಪು ಹೆಚ್ಚಾದರೆ ನೀರು ಬೇರಿನೊಳಗೆ ಹೋಗುವ ಬದಲು ಹೊರಗೇ ಸೆಳೆಯಲ್ಪಡುತ್ತದೆ. ಉಪ್ಪಿನಕಾಯಿಗೆ ಉಪ್ಪು ಬೆರೆಸಿದ ಮಾವಿನ ಹೋಳು ನೀರು ಬಿಡುವುದು ಹೇಗೋ ಇದೂ ಹಾಗೆ. ಇನ್ನೊಂದು ಮಾತು, ಕ್ಷಾರ ಮಣ್ಣಿನ ಮೇಲ್ಮೈಯಲ್ಲಿ ಬಿಟ್ಟ ಯೂರಿಯಾದ ಒಂದಷ್ಟು ಭಾಗ ಅಮೋನಿಯಾ ಆಗಿ ಗಾಳಿಗೆ ಹೋಗುತ್ತದೆ. ಮಣ್ಣು ಮುಚ್ಚಿ ನೀರು ಕೊಡಬೇಕು. ಡಿಎಪಿಯನ್ನು ವರ್ಷವರ್ಷವೂ ಹಾಕುವವರು ಒಮ್ಮೆ ಯೋಚಿಸುವುದು ಒಳ್ಳೆಯದು, ಏಕೆಂದರೆ ಮಣ್ಣಿನಲ್ಲಿ ಕೂಡಿಬಿದ್ದ ರಂಜಕ ಸತುವನ್ನೂ ಕಬ್ಬಿಣವನ್ನೂ ಗಿಡಕ್ಕೆ ಇನ್ನಷ್ಟು ದೂರ ಮಾಡುತ್ತದೆ. ಕುಂಡದ ಗಿಡಗಳಿಗೆ ನಾನು ಬಳಸುವುದು ಸಾರಜನಕ, ರಂಜಕ, ಪೊಟ್ಯಾಶ್ ಮೂರೂ ಸಮವಾಗಿರುವ 19:19:19 ಎಂಬ ನೀರಿನಲ್ಲಿ ಕರಗುವ ಪುಡಿ, ಲೀಟರಿಗೆ 2 ಗ್ರಾಂ, ತಿಂಗಳಿಗೆ ಎರಡು ಸಲ, ಮಣ್ಣು ಮೊದಲೇ ತೇವವಾಗಿದ್ದಾಗ ಮಾತ್ರ.

ಕುಂಡದ ಅಂಚಿನಲ್ಲಿ ಬಿಳಿಯ ಉಪ್ಪು ಕಟ್ಟಿದ್ದು ಕಂಡರೆ ಗೊಬ್ಬರ ನಿಲ್ಲಿಸಬೇಕು. ಬೋರ್‌ವೆಲ್ಲಿನ ಗಡಸು ನೀರು ಹಾಕುವ ಮನೆಗಳಲ್ಲಿ ಇದು ಬೇಗ ಆಗುತ್ತದೆ. ಮಳೆನೀರಾದರೆ ಉತ್ತಮ, ಇಲ್ಲದಿದ್ದರೆ ನಲ್ಲಿ ನೀರನ್ನೇ ತಳದ ತೂತಿನಿಂದ ಹರಿದುಹೋಗುವಷ್ಟು ಎರಡು ಮೂರು ಬಾರಿ ಹಾಕಿ ತೊಳೆದರೆ ಕುಂಡ ಹಗುರಾಗುತ್ತದೆ.

ಅಡುಗೆಮನೆಯ ಗೊಬ್ಬರಗಳ ಬಗ್ಗೆ ನನ್ನ ಮಾತು ಕೆಲವರಿಗೆ ರುಚಿಸಲಿಕ್ಕಿಲ್ಲ. ಶಿರಸಿಯಲ್ಲಿರುವ ನನ್ನ ತಂಗಿ ತನ್ನ ತೋಟಕ್ಕೆ ಒಲೆಯ ಬೂದಿ ಹಾಕುತ್ತಾಳೆ, ಸುಣ್ಣವನ್ನೂ ಹಾಕುತ್ತಾಳೆ, ಅವಳ ಗಿಡಗಳು ಕಣ್ಣಿಗೆ ತಂಪು. ಅಲ್ಲಿ ಬೀಳುವ ಮಳೆಗೆ ಮಣ್ಣಿನ ಸುಣ್ಣವೆಲ್ಲ ತೊಳೆದುಹೋಗಿ ನೆಲ ಹುಳಿಯಾಗಿರುವುದರಿಂದ ಅವಳು ಮಾಡುವುದು ಸರಿ. ಅದೇ ಬೂದಿಯನ್ನು ನಾನು ಇಲ್ಲಿ ಹಾಕಿದರೆ ಸುಣ್ಣದ ಮಣ್ಣಿಗೆ ಇನ್ನಷ್ಟು ಕ್ಷಾರ ಸೇರಿಸಿದಂತೆ. ಮೊಬೈಲಿನಲ್ಲಿ ನೋಡುವ ಸಲಹೆಗಳಲ್ಲಿ ಯಾವ ಊರಿನ ಮಣ್ಣು ಎಂಬುದನ್ನು ಯಾರೂ ಹೇಳುವುದಿಲ್ಲ, ನಾವೂ ಕೇಳುವುದಿಲ್ಲ. ಮೊಟ್ಟೆಯ ಸಿಪ್ಪೆ ಎಂದರೂ ಸುಣ್ಣವೇ, ನಮ್ಮಲ್ಲಿ ಅದು ಕರಗುವುದೂ ಇಲ್ಲ, ಬೇಕಾಗಿಯೂ ಇಲ್ಲ. ಬಾಳೆಸಿಪ್ಪೆಯ ನೀರಿಗಿಂತ ಸಿಪ್ಪೆಯನ್ನೇ ಕಾಂಪೋಸ್ಟ್ ಡಬ್ಬಿಗೆ ಹಾಕುವುದು ಮೇಲು. ಬಚ್ಚಲ ನೀರನ್ನು ಬಾಳೆಗೆ ಬಿಡುವುದು ಹಳೆಯ ರೂಢಿ. ಸೀಗೆಕಾಯಿ, ಕಡಲೆಹಿಟ್ಟಿನ ಕಾಲಕ್ಕೆ ಅದು ಸರಿಯಿತ್ತು, ಈಗಿನ ಸಾಬೂನಿನ ಸೋಡಿಯಂ ಎರೆಯನ್ನು ಸವಳಿನ ಕಡೆಗೆ ತಳ್ಳಿ ನೀರು ಇಂಗದಂತೆ ಮಾಡುತ್ತದೆ. ಕರಿಬೇವಿಗೆ ಹುಳಿ ಮಜ್ಜಿಗೆ ಹಾಕುವುದನ್ನು ಮಾತ್ರ ನಾನು ಬಿಟ್ಟಿಲ್ಲ. ಮಜ್ಜಿಗೆಯ ಹುಳಿ ಮಣ್ಣಿನ ಗುಣವನ್ನೇ ಬದಲಿಸುವಷ್ಟು ದೊಡ್ಡದಲ್ಲ. ಆದರೆ ಅದರಲ್ಲಿ ಚಿಟಿಕೆ ಅನ್ನಭೇದಿ ಕರಗಿಸಿ ಹಾಕಿದರೆ ಕಬ್ಬಿಣ ತುಕ್ಕಾಗುವ ಮೊದಲು ಒಂದಿಷ್ಟಾದರೂ ಬೇರಿಗೆ ಸಿಗುತ್ತದೆ, ಮತ್ತು ನನ್ನ ಅತ್ತೆಯವರಿಗೆ ಸಮಾಧಾನವಾಗುತ್ತದೆ.

ಯಾವಾಗ ಹಾಕಬೇಕೆಂಬುದನ್ನು ನಮ್ಮ ಮಳೆಗಳೇ ಹೇಳುತ್ತವೆ. ರೋಹಿಣಿ, ಮಿರಗದ ಹೊತ್ತಿಗೆ ತಿಪ್ಪೆ ಗೊಬ್ಬರ ಮತ್ತು ಬೇವಿನ ಹಿಂಡಿ ಮಣ್ಣು ಸೇರಬೇಕು. ಆಷಾಢದ ಜಿಟಿಜಿಟಿ ಮಳೆಯಲ್ಲಿ ಎರೆ ನೀರು ಕುಡಿದು ಉಬ್ಬಿ ಗಾಳಿಯಾಡದಂತಾದಾಗ ಗಿಡ ಮತ್ತೆ ಹಳದಿಯಾಗುತ್ತದೆ. ಆಗ ಬೇರಿಗೆ ಉಸಿರಾಟದ ತೊಂದರೆಯೇ ಹೊರತು ಹಸಿವಲ್ಲ, ಮಾಡಬೇಕಾದದ್ದು ಕಾಲುವೆ ತೆಗೆದು ನೀರು ಹೊರಗೆ ಬಿಡುವುದು. ಶೀಗಿ ಹುಣ್ಣಿಮೆಯ ಆಸುಪಾಸಿನಲ್ಲಿ ಗುಲಾಬಿ ಕತ್ತರಿಸಿ ಒಂದು ಸಲ, ಚಳಿಗಾಲದ ಕೊನೆಗೆ ಮಲ್ಲಿಗೆಯನ್ನು ಸವರಿ ಒಂದು ಸಲ ಗೊಬ್ಬರ ಕೊಟ್ಟರೆ ಹೂವಿಗೆ ಸಾಕು. ಮಾವಿಗೆ ಕಾಯಿ ಇಳಿಸಿದ ಮೇಲೆ, ಮಳೆ ಹಿಡಿದಾಗ. ಯುಗಾದಿಯಿಂದ ರೋಹಿಣಿ ಮಳೆಯವರೆಗೆ ನೀರು ಮತ್ತು ಹೊದಿಕೆ ಬಿಟ್ಟು ಬೇರೇನನ್ನೂ ನಾನು ಕೊಡುವುದಿಲ್ಲ. ಎಲ್ಲಿ ಹಾಕಬೇಕೆಂದರೆ, ಬಡ್ಡಿಗೆ ಅಲ್ಲ. ಮಧ್ಯಾಹ್ನ ಹನ್ನೆರಡಕ್ಕೆ ಗಿಡದ ನೆರಳು ಎಲ್ಲಿಯವರೆಗೆ ಬೀಳುತ್ತದೋ ಆ ಅಂಚಿನ ಸುತ್ತ ಗೇಣು ಅಗಲದ ಕಾಲುವೆ ತೋಡಿ ಅಲ್ಲಿ ಹಾಕಬೇಕು. ಹೀರುವ ಬೇರುಗಳು ಹೆಚ್ಚಾಗಿ ಇರುವುದು ಅಲ್ಲಿ.

ನಮ್ಮ ಲಿಂಬೆ ಬದುಕಿತು. ಅದರ ಸುತ್ತ ಎರಡಡಿ ಅಗೆದು ಎರಡು ಬುಟ್ಟಿ ಸಿಮೆಂಟ್ ಚೂರು ಹೊರಗೆ ಹಾಕಿ, ಗೆಳತಿಯ ಮನೆಯ ಕೆಂಪು ಮಣ್ಣು, ಮಾಗಿದ ಗೊಬ್ಬರ, ಎಲೆಗೊಬ್ಬರ ಕಲಸಿ ತುಂಬಿದೆ. ಕಳೆದ ವರ್ಷ ಮೊದಲ ಬಾರಿ ಉಪ್ಪಿನಕಾಯಿಗೆ ಆಗುವಷ್ಟು ಕಾಯಿ ಬಿಟ್ಟಿತು, ಒಂದು ಬರಣಿ ಓಣಿಯ ಕೊನೆಯ ಮನೆಗೂ ಹೋಯಿತು. ಗೋಡೆಯ ಬದಿಯ ಎರಡು ಟೊಂಗೆಗಳ ಚಿಗುರು ಮಾತ್ರ ಇನ್ನೂ ಹಳದಿಯಾಗಿಯೇ ಹೊರಡುತ್ತದೆ. ಪಾಯದ ಕೆಳಗೆ ಹೋದ ಬೇರನ್ನು ನಾನು ಹೊರಗೆ ತರಲಾರೆ. ಅವೆರಡಕ್ಕೆ ಈ ವಾರ ಮೂರನೆಯ ಸಿಂಪರಣೆ ಇದೆ. ಕಲ್ಲಿನ ಮೇಲೆ ಈ ಸಲ ಹಳೆಯ ಗೋಣಿಚೀಲ ಹಾಸಿದ್ದೇನೆ.